ಎಂಜಿನ್‌ಗೂ ಬೇಕು ತಂಪು ಗಾಳಿ: ಮನೆಯಲ್ಲೇ ಮಾಡಬಹುದಾದ ಕಡಿಮೆ ಖರ್ಚಿನ ಉಪಾಯಗಳು

ಏಪ್ರಿಲ್, ಮೇ ತಿಂಗಳು ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗದ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಮನುಷ್ಯರು ಮರದ ನೆರಳು ಹುಡುಕುತ್ತಾರೆ, ದನಕರುಗಳು ಕೆರೆಯ ದಂಡೆ ಹುಡುಕುತ್ತವೆ. ಬಾಗಿಲಲ್ಲಿ ನಿಂತಿರುವ ಕಾರಿಗೂ ಈ ಬಿಸಿ ತಟ್ಟುತ್ತದೆ ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಚುರುಕಾಗಿ ಎಳೆಯುವ ಗಾಡಿ ಮಧ್ಯಾಹ್ನ ಎರಡು ಗಂಟೆಗೆ ಮಂಕಾಗುತ್ತದೆ. ಎಸಿ ಹಾಕಿದರೆ ಓವರ್‌ಟೇಕ್ ಮಾಡಲು ಹಿಂದೆಮುಂದೆ ನೋಡಬೇಕು. ನಾಲ್ಕೈದು ಜನ ಕುಳಿತು ಘಾಟ್ ಹತ್ತುವಾಗ ಎಂಜಿನ್‌ನಿಂದ ಟಕಟಕ ಸದ್ದೂ ಕೇಳಬಹುದು.

'ಗಾಡಿ ಹಳೆಯದಾಯಿತು' ಎಂದು ಹೇಳಿ ಸುಮ್ಮನಾಗುವವರಿದ್ದಾರೆ. ಪೇಟೆಯಲ್ಲಿ ಸಿಗುವ ಬಣ್ಣದ ಫಿಲ್ಟರ್‌ಗೆ ಸಾವಿರಾರು ರೂಪಾಯಿ ಸುರಿಯುವವರೂ ಇದ್ದಾರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಎಂಜಿನ್ ಯಾವ ಗಾಳಿಯನ್ನು ಉಸಿರಾಡುತ್ತಿದೆ, ಅದು ಎಷ್ಟು ಬಿಸಿಯಾಗಿದೆ ಎಂದು ನೋಡುವುದು. ದೋಷ ಅಲ್ಲಿದ್ದರೆ ಅದನ್ನು ಸರಿಪಡಿಸಲು ನೂರಿನ್ನೂರು ರೂಪಾಯಿ ಸಾಕಾಗಬಹುದು. ಕೆಲವೊಮ್ಮೆ ಅದೂ ಬೇಕಾಗುವುದಿಲ್ಲ.

ಒಂದು ಲೀಟರ್ ಪೆಟ್ರೋಲ್‌ಗೆ ಒಂಬತ್ತು ಸಾವಿರ ಲೀಟರ್ ಗಾಳಿ

ಎಂಜಿನ್ ಪೆಟ್ರೋಲ್ ಕುಡಿಯುತ್ತದೆ ಎನ್ನುತ್ತೇವೆ. ಆದರೆ ಅದು ಪೆಟ್ರೋಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಗಾಳಿಯನ್ನು ಕುಡಿಯುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲ್‌ಗೆ ಸುಮಾರು 9 ಸಾವಿರ ಲೀಟರ್ ಗಾಳಿ.

ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ತೂಕ. ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಒಣಗಾಳಿ ಸುಮಾರು 1.16 ಕಿಲೋ ತೂಗುತ್ತದೆ. ಅದೇ ಗಾಳಿ 60 ಡಿಗ್ರಿಗೆ ಬಿಸಿಯಾದರೆ ತೂಕ 1.06 ಕಿಲೋಗೆ ಇಳಿಯುತ್ತದೆ. ಅಂದರೆ ಶೇಕಡಾ 9ರಷ್ಟು ಕಡಿಮೆ. ಸ್ಥೂಲವಾಗಿ ಹೇಳುವುದಾದರೆ, ಗಾಳಿ ಪ್ರತಿ ಮೂರು ಡಿಗ್ರಿ ಬಿಸಿಯಾದಂತೆ ಶೇಕಡಾ ಒಂದರಷ್ಟು ಗಾಳಿ ಎಂಜಿನ್ನಿನ ಕೈತಪ್ಪುತ್ತದೆ. ಸಿಲಿಂಡರ್‌ನ ಅಳತೆ ಬದಲಾಗುವುದಿಲ್ಲ, ಅದರೊಳಗೆ ಬರುವ ಆಮ್ಲಜನಕ ಮಾತ್ರ ಕಡಿಮೆಯಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಉರಿಸಬಹುದಾದ ಇಂಧನವೂ ಕಡಿಮೆ, ಎಳೆಯುವ ಶಕ್ತಿಯೂ ಕಡಿಮೆ.

ಪೆಟ್ರೋಲ್ ಎಂಜಿನ್‌ಗೆ ಇನ್ನೊಂದು ತೊಂದರೆಯೂ ಇದೆ. ಒಳಗೆ ಬರುವ ಗಾಳಿ ಮೊದಲೇ ಬಿಸಿಯಾಗಿದ್ದರೆ, ಅದನ್ನು ಒತ್ತಿದಾಗ ಮಿಶ್ರಣ ತಪ್ಪು ಹೊತ್ತಿನಲ್ಲಿ ತಾನೇ ಹೊತ್ತಿಕೊಳ್ಳಬಹುದು. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವ ಟಕಟಕ ಸದ್ದು ಇದೇ. ಇಂಜೆಕ್ಷನ್ ಇರುವ ಇತ್ತೀಚಿನ ಕಾರುಗಳಲ್ಲಿ ಗಾಳಿಯ ಬಿಸಿಯನ್ನು ಅಳೆಯಲು ಒಂದು ಸೆನ್ಸರ್ ಇರುತ್ತದೆ. ಗಾಳಿ ತೀರಾ ಬಿಸಿಯಾಗಿದೆ ಎಂದು ಕಂಡರೆ ಕಾರಿನ ಕಂಪ್ಯೂಟರ್ ಕಿಡಿ ಹಾರುವ ಹೊತ್ತನ್ನು ಹಿಂದಕ್ಕೆ ತಳ್ಳಿ ಎಂಜಿನ್ನನ್ನು ಕಾಪಾಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಇನ್ನಷ್ಟು ಇಳಿಯುತ್ತದೆ. ಮಧ್ಯಾಹ್ನದ ಮಂಕುತನದ ಗುಟ್ಟು ಇದು.

ಬಿಸಿ ಬರುವುದು ಎಲ್ಲಿಂದ?

ಹೊರಗಿನ ಬಿಸಿಲಿಗೆ ಯಾರೂ ಏನೂ ಮಾಡಲಾಗದು. ಆದರೆ ಬಾನೆಟ್ ಒಳಗಿನ ಗಾಳಿ ಹೊರಗಿನ ಗಾಳಿಗಿಂತ ಬಹಳ ಬಿಸಿ. ರೇಡಿಯೇಟರ್ ಫ್ಯಾನ್ ಹಿಂದಕ್ಕೆ ತಳ್ಳುವ ಗಾಳಿ, ಸೈಲೆನ್ಸರ್ ಪೈಪ್ ಶುರುವಾಗುವ ಮ್ಯಾನಿಫೋಲ್ಡ್, ಕಾದ ಎಂಜಿನ್ ಎಲ್ಲವೂ ಸೇರಿ ಅಲ್ಲಿ ಒಲೆಯ ಪಕ್ಕದ ವಾತಾವರಣವನ್ನು ನಿರ್ಮಿಸುತ್ತವೆ.

ಕಾರು ತಯಾರಿಸುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದ್ದರಿಂದಲೇ ಹೆಚ್ಚಿನ ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಕೊಳವೆ ಹೊರಟು ಮುಂದಿನ ಗ್ರಿಲ್ ಹತ್ತಿರವೋ, ಮಡ್‌ಗಾರ್ಡ್ ಸಂದಿಯಲ್ಲೋ ಬಾಯಿ ತೆರೆದಿರುತ್ತದೆ. ತಂಪು ಗಾಳಿ ಬರಲಿ ಎಂಬುದೇ ಅದರ ಉದ್ದೇಶ. ಹಳೆಯ ಗಾಡಿಗಳಲ್ಲಿ ಈ ಕೊಳವೆಯ ಗತಿ ನೋಡಬೇಕು. ಹೆಡ್‌ಲೈಟ್ ಬದಲಿಸುವಾಗ ಬಿಚ್ಚಿ ಮತ್ತೆ ಹಾಕದೇ ಬಿಟ್ಟಿರುತ್ತಾರೆ. ಕ್ಲಿಪ್ ಮುರಿದು ಕೊಳವೆ ಜಾರಿರುತ್ತದೆ. ಸಣ್ಣ ಅಪಘಾತದ ನಂತರ ಟಿಂಕರಿಂಗ್ ಮಾಡಿದವರು ಆ ಭಾಗವನ್ನೇ ಮರೆತಿರುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಎಂಜಿನ್ ಮಾತ್ರ ಅಂದಿನಿಂದ ರೇಡಿಯೇಟರ್ ಹಿಂದಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತಿರುತ್ತದೆ. ಎರಡನೇ ಕೈ, ಮೂರನೇ ಕೈ ಗಾಡಿ ಕೊಂಡವರು ಮೊದಲು ನೋಡಬೇಕಾದ ಜಾಗ ಇದು.

ಮೊದಲು ಅಳತೆ, ಆಮೇಲೆ ಖರ್ಚು

ಅಂದಾಜಿನ ಮೇಲೆ ಕೆಲಸ ಮಾಡಬಾರದು. ಅಳೆಯುವ ಸುಲಭ ದಾರಿ ಎರಡಿವೆ.

ಮೊದಲನೆಯದು ಓಬಿಡಿ ರೀಡರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಈ ಉಪಕರಣ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಮೊಬೈಲ್ ಪರದೆಯ ಮೇಲೆ ಎಂಜಿನ್‌ಗೆ ಹೋಗುವ ಗಾಳಿಯ ಬಿಸಿ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಇತ್ತೀಚಿನ ವರ್ಷಗಳ ಕಾರುಗಳಲ್ಲಿ ಇದು ನಡೆಯುತ್ತದೆ. ಎರಡನೆಯದು ಉದ್ದ ತಂತಿಯ ಡಿಜಿಟಲ್ ಥರ್ಮಾಮೀಟರ್. ತಂತಿಯ ತುದಿಯನ್ನು ಗಾಳಿ ಕೊಳವೆಯ ಬಾಯಿಯ ಹತ್ತಿರ ಟೇಪ್‌ನಿಂದ ಕಟ್ಟಿ, ಮೀಟರನ್ನು ಕಾರಿನೊಳಗೆ ತಂದರೆ ಆಯಿತು. ತಂತಿಯ ತುದಿ ಕೊಳವೆಯೊಳಗೆ ಬೀಳದಂತೆ, ಫ್ಯಾನ್‌ಗೆ ಸಿಗದಂತೆ ಭದ್ರವಾಗಿ ಕಟ್ಟಬೇಕು. ಮಾರುತಿ 800, ಓಮ್ನಿ, ಅಂಬಾಸಿಡರ್‌ನಂಥ ಹಳೆಯ ಕಾರ್ಬೊರೇಟರ್ ಗಾಡಿ ಇಟ್ಟುಕೊಂಡವರಿಗೆ ಈ ಎರಡನೇ ದಾರಿಯೇ ಸರಿ.

ಹತ್ತಿಪ್ಪತ್ತು ನಿಮಿಷ ಓಡಿಸಿದ ಮೇಲೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಪಕ್ಕದಲ್ಲಿ ಕುಳಿತವರು ಅಂಕಿ ಬರೆದುಕೊಳ್ಳಲಿ. ಹೊರಗಿನ ಬಿಸಿಗಿಂತ ಐದು, ಹತ್ತು ಡಿಗ್ರಿ ಹೆಚ್ಚಿದ್ದರೆ ಗಾಡಿಯ ಮೂಲ ವ್ಯವಸ್ಥೆ ಸರಿಯಾಗಿಯೇ ಇದೆ ಎಂದರ್ಥ. ಅಲ್ಲಿ ದುಡ್ಡು ಹಾಕಿದರೆ ಮೂಗಿಗಿಂತ ಮೂಗುತಿ ಭಾರವಾದೀತು. ಇಪ್ಪತ್ತು, ಮೂವತ್ತು ಡಿಗ್ರಿ ಹೆಚ್ಚಿದ್ದರೆ ಮಾತ್ರ ಮುಂದಿನ ಕೆಲಸ.

ಒಂದು ಎಚ್ಚರಿಕೆ. ರೈಲ್ವೆ ಗೇಟಿನಲ್ಲೋ, ಚೆಕ್‌ಪೋಸ್ಟಿನಲ್ಲೋ ನಿಂತಾಗ ಈ ಅಂಕಿ ತಾನಾಗಿಯೇ ಏರುತ್ತದೆ. ಗಾಡಿ ಹೊರಟು ಒಂದೆರಡು ನಿಮಿಷದಲ್ಲಿ ಇಳಿದರೆ ಅದು ಸಹಜ, ಗಾಬರಿ ಬೇಡ. ಟರ್ಬೊ ಗಾಡಿಗಳಲ್ಲಿ ಸೆನ್ಸರ್ ಟರ್ಬೊ ದಾಟಿದ ಮೇಲೆ ಇದ್ದರೆ ಅಂಕಿ ಹೆಚ್ಚೇ ಇರುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಒಂದು ರೂಪಾಯಿಯೂ ಬೇಡದ ಕೆಲಸ

ಬಾನೆಟ್ ಎತ್ತಿ ಫಿಲ್ಟರ್ ಡಬ್ಬಿಯಿಂದ ಗಾಳಿ ಬರುವ ದಾರಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿ ನೋಡಬೇಕು. ಕೊಳವೆ ಇದೆಯೇ? ಅದರ ಬಾಯಿ ಹೊರಗಿನ ಗಾಳಿಯತ್ತ ಇದೆಯೇ? ನಡುವೆ ಒಡಕು ಇದೆಯೇ? ಇಲಿ ಗೂಡು ಕಟ್ಟಿದೆಯೇ? ಹೊಲದ ಪಕ್ಕ, ಕಣದ ಪಕ್ಕ ಗಾಡಿ ನಿಲ್ಲಿಸುವವರ ಕೊಳವೆಯಲ್ಲಿ ಹುಲ್ಲು, ಶೇಂಗಾ ಸಿಪ್ಪೆ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಡಬ್ಬಿಯ ಮುಚ್ಚಳದ ಕ್ಲಿಪ್‌ಗಳು ಗಟ್ಟಿಯಾಗಿ ಕೂರಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಒಳಗಿನಿಂದ ಹೊರಗೆ, ಅಂದರೆ ಸ್ವಚ್ಛವಾದ ಬದಿಯಿಂದ ದೂಳಿನ ಬದಿಗೆ, ದೂರದಿಂದ ಮೆಲ್ಲಗೆ ಗಾಳಿ ಊದಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪನ್ನು ಹತ್ತಿರ ಹಿಡಿದು ಊದಿದರೆ ಕಾಗದ ಹರಿಯುತ್ತದೆ. ಹರಿದ ಫಿಲ್ಟರ್ ದೂಳನ್ನು ಸೀದಾ ಸಿಲಿಂಡರ್‌ಗೆ ಕಳಿಸುತ್ತದೆ. ಕಪ್ಪಾದ ಫಿಲ್ಟರ್ ಗಾಳಿಯನ್ನು ಬಿಸಿ ಮಾಡುವುದಿಲ್ಲ, ತಡೆಯುತ್ತದೆ. ಫಲ ಮಾತ್ರ ಅದೇ, ಎಂಜಿನ್‌ಗೆ ಉಸಿರುಗಟ್ಟುತ್ತದೆ. ದೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್‌ಗಿಂತ ಮೊದಲೇ ಹೊಸ ಫಿಲ್ಟರ್ ಹಾಕುವುದು ಒಳ್ಳೆಯದು.

ಕೊಳವೆ ಕಳೆದುಹೋಗಿದ್ದರೆ ಗುಜರಿಯಲ್ಲಿ ಅದೇ ಮಾಡೆಲ್‌ನ ಕೊಳವೆ ಹುಡುಕುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಸರಿಯಾದ ರಿಪೇರಿ. ಸೊಲ್ಲಾಪುರದಲ್ಲಿ ಮರಾಠಿ, ಹೊಸೂರಿನಲ್ಲಿ ತಮಿಳು, ಆದೋನಿಯಲ್ಲಿ ತೆಲುಗು, ಕಾಸರಗೋಡಿನಲ್ಲಿ ಮಲಯಾಳ ಎಂಬ ಚಿಂತೆ ಇಲ್ಲಿ ಬೇಡ. ಏರ್ ಫಿಲ್ಟರ್, ಹೋಸ್ ಪೈಪ್, ಕ್ಲಿಪ್ ಎಂಬ ಮಾತುಗಳು ಎಲ್ಲ ಗ್ಯಾರೇಜುಗಳಲ್ಲೂ ನಡೆಯುತ್ತವೆ.

ತಗಡಿನ ಅಡ್ಡಗೋಡೆ

ಫಿಲ್ಟರ್ ಡಬ್ಬಿ ಅಥವಾ ಗಾಳಿಯ ಬಾಯಿ ಎಂಜಿನ್‌ನ ಬಿಸಿ ಭಾಗದ ಎದುರಿಗಿದ್ದರೆ ನಡುವೆ ಒಂದು ಅಡ್ಡಗೋಡೆ ಹಾಕಬಹುದು. ತೆಳುವಾದ ಅಲ್ಯೂಮಿನಿಯಂ ತಗಡು ಸಾಕು. ಮೊದಲು ರಟ್ಟಿನ ಮೇಲೆ ಅಳತೆ ತೆಗೆದು, ಕತ್ತರಿಸಿ, ಜಾಗದಲ್ಲಿ ಹಿಡಿದು ನೋಡಿ, ಆಮೇಲೆ ತಗಡು ಕತ್ತರಿಸಿದರೆ ಹಾಳಾಗುವುದಿಲ್ಲ. ಅಂಚುಗಳಿಗೆ ಬಾಗಿಲಿನ ಬೀಡಿಂಗ್ ರಬ್ಬರ್ ಹಾಕಬೇಕು. ಇಲ್ಲದಿದ್ದರೆ ತಗಡು ಕಂಪಿಸಿ ವೈರ್‌ಗಳನ್ನು ಕೊಯ್ಯುತ್ತದೆ. ಈಗಾಗಲೇ ಇರುವ ಬೋಲ್ಟ್‌ಗಳಿಗೇ ಸಿಕ್ಕಿಸಿದರೆ ಹೊಸ ತೂತು ಕೊರೆಯುವ ಗೋಜಿಲ್ಲ.

ಮೂರು ವಿಷಯ ಮರೆಯಬಾರದು. ತಗಡು ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಬಹುದು. ಬೆಲ್ಟ್, ಫ್ಯಾನ್, ಆಕ್ಸಿಲರೇಟರ್ ಕೇಬಲ್‌ನಿಂದ ಅದು ದೂರವಿರಬೇಕು. ಥರ್ಮೊಕೋಲ್, ಗೋಣಿಚೀಲ, ಪ್ಲಾಸ್ಟಿಕ್ ಹಾಳೆ, ಹಳೆಯ ಬಟ್ಟೆಗಳನ್ನು ಬಾನೆಟ್ ಒಳಗೆ ಎಂದಿಗೂ ತುರುಕಬಾರದು.

ಕೊಳವೆಗೆ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಟೇಪ್ ಸುತ್ತುವವರೂ ಇದ್ದಾರೆ. ಅದರಿಂದ ಕೆಡುಕಿಲ್ಲ, ಹೆಚ್ಚಿನ ಒಳಿತೂ ಇಲ್ಲ. ಒಂದು ಲೆಕ್ಕ ನೋಡಿ. 1200 ಸಿಸಿ ಪೆಟ್ರೋಲ್ ಎಂಜಿನ್ 3000 ಆರ್‌ಪಿಎಂನಲ್ಲಿ ಪೂರ್ತಿ ಎಳೆಯುವಾಗ ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಕುಡಿಯುತ್ತದೆ. 60 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಆ ಗಾಳಿ ಸೆಕೆಂಡಿಗೆ ಹತ್ತು ಮೀಟರ್‌ಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಒಂದು ಮೀಟರ್ ಉದ್ದದ ಕೊಳವೆಯನ್ನು ದಾಟಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರಲ್ಲಿ ಕೊಳವೆಯ ಗೋಡೆ ಅದನ್ನು ಎಷ್ಟು ತಾನೇ ಬಿಸಿ ಮಾಡೀತು? ಕೊಳವೆ ಯಾವುದರಿಂದ ಮಾಡಿದ್ದು ಎನ್ನುವುದಕ್ಕಿಂತ ಅದರ ಬಾಯಿ ಎಲ್ಲಿದೆ ಎನ್ನುವುದೇ ಮುಖ್ಯ.

ಗ್ರಿಲ್‌ನಿಂದ ಕೊಳವೆ

ಮೂಲ ಕೊಳವೆ ಸಿಗದಿದ್ದರೆ, ಅಥವಾ ಗಾಡಿಗೆ ಮೊದಲಿನಿಂದಲೂ ಅದು ಇಲ್ಲದಿದ್ದರೆ, ಬಾಗುವ ಡಕ್ಟ್ ಪೈಪ್ ತಂದು ಗ್ರಿಲ್ ಹಿಂಬದಿಯಿಂದ ಫಿಲ್ಟರ್ ಡಬ್ಬಿಯ ಬಾಯಿಗೆ ಜೋಡಿಸಬಹುದು. ಇದಕ್ಕೆ ಕೆಲವು ನಿಯಮಗಳಿವೆ.

ಪೈಪಿನ ಅಗಲ ಡಬ್ಬಿಯ ಬಾಯಿಗಿಂತ ಕಡಿಮೆ ಇರಬಾರದು. ತಂಪು ಗಾಳಿಯ ಆಸೆಗೆ ಸಣ್ಣ ಪೈಪ್ ಹಾಕಿದರೆ ಗಾಳಿಯೇ ಸಾಲದಾಗುತ್ತದೆ. ತಿರುವುಗಳು ಕಡಿಮೆ ಇರಲಿ. ಬಾಯಿಗೆ ಸೊಳ್ಳೆ ಪರದೆಯಷ್ಟು ಸಣ್ಣ ಜಾಲರಿ ಬೇಡ, ಎಲೆ ಮತ್ತು ಕಲ್ಲು ತಡೆಯುವ ದೊಡ್ಡ ಕಣ್ಣಿನ ಜಾಲರಿ ಸಾಕು. ಪೈಪಿನ ಅತ್ಯಂತ ತಗ್ಗಿನ ಜಾಗದಲ್ಲಿ ನೀರು ಇಳಿದುಹೋಗಲು ಒಂದು ಸಣ್ಣ ತೂತು ಇರಲಿ.

ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಏನೇ ಮಾಡಿದರೂ ಫಿಲ್ಟರ್‌ಗಿಂತ ಮೊದಲಿನ ಭಾಗದಲ್ಲಿ ಮಾತ್ರ ಮಾಡಬೇಕು. ಫಿಲ್ಟರ್ ದಾಟಿ ಎಂಜಿನ್‌ಗೆ ಹೋಗುವ ಪೈಪನ್ನು ಮುಟ್ಟಬಾರದು. ಅಲ್ಲಿ ಸೆನ್ಸರ್‌ಗಳಿರುತ್ತವೆ. ಒಂದು ಸಂದಿ ಬಿಟ್ಟರೂ ಸೋಸದ ದೂಳುಗಾಳಿ ಒಳಗೆ ಹೋಗಿ ಪಿಸ್ಟನ್ ರಿಂಗ್ ತೇಯುತ್ತದೆ.

ಮಳೆ ಬಂದರೆ ಜೋಕೆ

ಬಯಲುಸೀಮೆಯಲ್ಲಿ ಸಲ್ಲುವ ಉಪಾಯ ಕಾಸರಗೋಡು, ವಯನಾಡು, ಗೋವಾದ ಮಳೆಯಲ್ಲಿ ಎಂಜಿನ್ನನ್ನೇ ತಿಂದುಹಾಕಬಹುದು. ನೆಲಕ್ಕೆ ಹತ್ತಿರ ಗಾಳಿ ತಂಪಾಗಿರುತ್ತದೆ ಎಂದು ಕೆಲವರು ಪೈಪಿನ ಬಾಯಿಯನ್ನು ಬಂಪರ್ ಕೆಳಗೆ ಇಳಿಸುತ್ತಾರೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಆ ಬಾಯಿ ಗಾಳಿಯ ಬದಲು ನೀರನ್ನು ಹೀರುತ್ತದೆ.

ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೆ ಬರುವಾಗ ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ಒಡೆಯುತ್ತದೆ. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ. ನೂರಿನ್ನೂರು ರೂಪಾಯಿ ಪೈಪಿನಿಂದ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷದ ಖರ್ಚು. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಇಂಥ ಎಂಜಿನ್ ಹಾನಿ ಸೇರದಿರುವುದೇ ಹೆಚ್ಚು. ಅದಕ್ಕೆಂದೇ ಎಂಜಿನ್ ಪ್ರೊಟೆಕ್ಷನ್ ಎಂಬ ಬೇರೆ ಆಡ್ ಆನ್ ಮಾರುತ್ತಾರೆ. ಕಂಪನಿ ಕೊಟ್ಟ ಪೈಪನ್ನು ಮಾಲೀಕನೇ ಬದಲಿಸಿದ್ದಾನೆ ಎಂದು ಕಂಡರೆ ತಕರಾರು ಇನ್ನೂ ಬಲವಾಗುತ್ತದೆ.

ಆದ್ದರಿಂದ ಪೈಪಿನ ಬಾಯಿ ಕಂಪನಿ ಇಟ್ಟ ಎತ್ತರಕ್ಕಿಂತ ಒಂದು ಇಂಚೂ ಕೆಳಗೆ ಬರಬಾರದು. ಮಳೆಗಾಲದ ಮೊದಲು ಬೇಸಿಗೆಯ ಪೈಪ್ ಬಿಚ್ಚಿಡುವುದು ಕ್ಷೇಮ. ನೀರಿನ ನಡುವೆ ಗಾಡಿ ನಿಂತುಬಿಟ್ಟರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ತಳ್ಳಿ ಹೊರಗೆ ತಂದು, ಫಿಲ್ಟರ್ ಡಬ್ಬಿ ತೆರೆದು ನೋಡಿ, ಒದ್ದೆ ಇದ್ದರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು. ಹೆಚ್ಚಿನ ಎಂಜಿನ್‌ಗಳು ಹಾಳಾಗುವುದು ಆ ಎರಡನೇ ಸೆಲ್ಫ್‌ನಲ್ಲೇ.

ಟರ್ಬೊ ಡೀಸೆಲ್: ಇಂಟರ್‌ಕೂಲರ್ ಕಡೆ ನೋಡಿ

ಜೀಪು, ಎಸ್‌ಯುವಿ, ಟರ್ಬೊ ಇರುವ ಡೀಸೆಲ್ ಕಾರುಗಳ ಕತೆಯೇ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದಾರೆ. ಇಲ್ಲೂ ಅದೇ. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದಾಗ ಅದು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅದನ್ನು ತಣಿಸಲೆಂದೇ ರೇಡಿಯೇಟರ್‌ನಂಥ ಇನ್ನೊಂದು ಜಾಲರಿ ಇರುತ್ತದೆ. ಅದೇ ಇಂಟರ್‌ಕೂಲರ್. ಕೆಲವು ಗಾಡಿಗಳಲ್ಲಿ ಇದು ಮುಂದೆ ರೇಡಿಯೇಟರ್ ಹತ್ತಿರ, ಕೆಲವುದರಲ್ಲಿ ಎಂಜಿನ್ ಮೇಲೆ. ಬಾನೆಟ್ ಮೇಲಿನ ಸೀಳು ಕೆಲವು ಗಾಡಿಗಳಲ್ಲಿ ಶೋಕಿಗೆ ಇರುವುದಲ್ಲ, ಇಂಟರ್‌ಕೂಲರ್‌ಗೆ ಗಾಳಿ ಕೊಡಲು ಇರುವುದು.

ಹೊರಗಿನ ಗಾಳಿ ತಟ್ಟದಿದ್ದರೆ ಇಂಟರ್‌ಕೂಲರ್ ಕೆಲಸ ಮಾಡದು. ಆದೋನಿಯ ಹತ್ತಿಯ ಎಳೆ, ಜತ್ತದ ಕೆಂದೂಳು, ಅಕ್ಕಲಕೋಟೆಯ ಕಬ್ಬಿನ ರವದಿ, ಎಲ್ಲೆಡೆಯ ಹುಳಹುಪ್ಪಟೆ ಆ ಜಾಲರಿಯಲ್ಲಿ ಸೇರಿ ಕಂಬಳಿ ಹೊದಿಸಿದಂತಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಕಡಿಮೆ ಒತ್ತಡದ ನೀರನ್ನು ಹಿಂದಿನಿಂದ ಮುಂದಕ್ಕೆ ಹಾಯಿಸಿದರೆ ಕೊಳೆ ಇಳಿಯುತ್ತದೆ. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಎರಡನೆಯದು, ಮುಂದೆ ಕಟ್ಟಿದ ಅಲಂಕಾರ. ದೊಡ್ಡ ಹೆಸರಿನ ಬೋರ್ಡು, ಹೆಚ್ಚುವರಿ ಲೈಟು, ಜಾತ್ರೆಯ ಹಾರ, ಕಬ್ಬಿಣದ ಗಾರ್ಡು ಎಲ್ಲವೂ ಗಾಳಿಯನ್ನು ತಡೆಯುತ್ತವೆ. ಕಬ್ಬಿಣದ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಮೂರನೆಯದು, ಸಂದಿಗಳು. ಗಾಳಿಯೂ ನೀರಿನಂತೆ ಸುಲಭದ ದಾರಿ ಹುಡುಕುತ್ತದೆ. ಗ್ರಿಲ್‌ನಿಂದ ಬಂದ ಗಾಳಿ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಜಾಲರಿಯೊಳಗೆ ಹೋಗುವ ಬದಲು ಪಕ್ಕದ ಸಂದಿಯಿಂದ ಜಾರುತ್ತದೆ. ಕಂಪನಿ ಕೊಟ್ಟಿದ್ದ ರಬ್ಬರ್, ಫೋಮ್ ಪಟ್ಟಿಗಳು ಹಳೆಯ ಗಾಡಿಯಲ್ಲಿ ಉದುರಿರುತ್ತವೆ. ಆ ಸಂದಿಗಳಿಗೆ ಬಿಸಿ ತಾಳುವ ರಬ್ಬರ್ ಪಟ್ಟಿ ಅಂಟಿಸಿದರೆ ಇಂಟರ್‌ಕೂಲರ್‌ಗೂ ಲಾಭ, ರೇಡಿಯೇಟರ್‌ಗೂ ಲಾಭ, ಎಸಿಗೂ ಲಾಭ.

ನಾಲ್ಕನೆಯದು, ಟರ್ಬೊ ಹೋಸ್‌ಗಳು. ಎಳೆಯುವಾಗ ಸೀಟಿಯಂತೆ ಸದ್ದು, ಕಪ್ಪು ಹೊಗೆ, ಹೋಸ್ ಜೋಡಣೆಯ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಗಾಳಿ ಸೋರುತ್ತಿರಬಹುದು. ತಂಪು ಮಾಡುವ ಮಾತು ಆಮೇಲೆ, ಮೊದಲು ಸೋರುವುದನ್ನು ನಿಲ್ಲಿಸಬೇಕು.

ಮಡಕೆಯ ನೀರಿನ ಗುಟ್ಟು

ಇಂಟರ್‌ಕೂಲರ್ ಹೊರಮೈಗೆ ನೀರು ಚಿಮುಕಿಸುವುದು ಹಳೆಯ ರೇಸಿಂಗ್ ಉಪಾಯ. ಸುಬಾರು ಕಂಪನಿಯ ಇಂಪ್ರೆಜಾ ಎಸ್‌ಟಿಐ ಕಾರುಗಳಲ್ಲಿ ಈ ವ್ಯವಸ್ಥೆ ಕಾರ್ಖಾನೆಯಿಂದಲೇ ಬರುತ್ತಿತ್ತು. ಮಡಕೆಯ ನೀರು ತಣ್ಣಗಾಗುವ ತತ್ವವೇ ಇಲ್ಲೂ ಇರುವುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖವನ್ನು ಹೀರುತ್ತದೆ. ವೈಪರ್ ನೀರಿನ ಸಣ್ಣ ಪಂಪ್, ಪ್ಲಾಸ್ಟಿಕ್ ನಳಿಗೆ, ಒಂದು ಸ್ವಿಚ್ ಇದ್ದರೆ ಮಾಡಬಹುದು. ವೈರಿಂಗ್‌ಗೆ ಫ್ಯೂಸ್ ಇರಲೇಬೇಕು.

ಸೊಲ್ಲಾಪುರ, ರಾಯದುರ್ಗದ ಒಣಹವೆಯಲ್ಲಿ ಇದು ನಡೆಯುತ್ತದೆ. ಕಾಸರಗೋಡಿನ ಕರಾವಳಿಯ ತೇವದಲ್ಲಿ ಏರ್ ಕೂಲರ್ ನಡೆಯದಂತೆ ಇದೂ ಅಷ್ಟಾಗಿ ನಡೆಯದು. ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ಬಿಳಿ ಉಪ್ಪು ಕಟ್ಟಿ ಜಾಲರಿ ಮುಚ್ಚುತ್ತದೆ, ಡಿಸ್ಟಿಲ್ಡ್ ನೀರೇ ಬೇಕು. ದಿನದ ಓಡಾಟಕ್ಕೆ ಇದರ ಅಗತ್ಯವಿಲ್ಲ.

ಎಂಜಿನ್ ಒಳಗೇ ನೀರು ಬಿಡುವ ಉಪಾಯವೂ ಇದೆ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ನೀರು, ಮೆಥನಾಲ್ ಮಿಶ್ರಣ ಬಳಸಿದರು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲೂ ಅದು ಬಂದಿತ್ತು. ಅದು ಹನಿಯ ಲೆಕ್ಕದಲ್ಲಿ ನಡೆಯುವ ಕೆಲಸ. ಮನೆಯಲ್ಲಿ ಮಾಡಿದರೆ ಹೈಡ್ರೋಲಾಕ್‌ಗೆ ಆಮಂತ್ರಣ ಕೊಟ್ಟಂತೆ.

ಮೋಸ ಹೋಗಬೇಡಿ

ತೆರೆದ ಕೋನ್ ಫಿಲ್ಟರ್: ಡಬ್ಬಿ ತೆಗೆದು ಬಾನೆಟ್ ಒಳಗೇ ಬಾಯಿ ಬಿಟ್ಟ ಫಿಲ್ಟರ್ ಹಾಕಿದರೆ ಸದ್ದು ಜೋರಾಗುತ್ತದೆ. ಕುಡಿಯುವುದು ಮಾತ್ರ ಬಿಸಿಗಾಳಿ.

ಕೊಳವೆಯೊಳಗಿನ ತಗಡಿನ ಚಕ್ರ: ಗಾಳಿಯನ್ನು ಸುಳಿಯಾಗಿಸಿ ಶಕ್ತಿ ಕೊಡುತ್ತದೆ ಎಂದು ಮಾರುತ್ತಾರೆ. ದಾರಿಗೆ ಅಡ್ಡವಾಗುವುದೇ ಅದರ ಕೆಲಸ. ರೆಕ್ಕೆ ಮುರಿದರೆ ಎಂಜಿನ್ ಒಳಗೆ ಹೋಗುತ್ತದೆ.

ಸೆನ್ಸರ್‌ಗೆ ರೆಸಿಸ್ಟರ್: ಗಾಳಿ ತಂಪಾಗಿದೆ ಎಂದು ಕಂಪ್ಯೂಟರ್‌ಗೆ ಸುಳ್ಳು ಹೇಳುವ ಹತ್ತು ರೂಪಾಯಿಯ ವಿದ್ಯೆ. ಗಾಳಿ ಬಿಸಿಯಾಗಿಯೇ ಇರುತ್ತದೆ, ಕಾಪಾಡುವ ಕಂಪ್ಯೂಟರ್ ಮಾತ್ರ ಮೋಸ ಹೋಗುತ್ತದೆ. ನಾಕಿಂಗ್ ಹೆಚ್ಚಿ ಪಿಸ್ಟನ್‌ಗೆ ಪೆಟ್ಟು ಬೀಳಬಹುದು.

ಐಸ್ ಡಬ್ಬಿ: ಪೈಪಿನ ಸುತ್ತ ಐಸ್ ತುಂಬುವುದು. ಮೇಲೆ ಹೇಳಿದ 1200 ಸಿಸಿ ಎಂಜಿನ್‌ನ ಗಾಳಿಯನ್ನು 20 ಡಿಗ್ರಿ ತಣಿಸಬೇಕೆಂದರೆ ಒಂದು ಕಿಲೋ ಐಸ್ ಎಂಟು ನಿಮಿಷದಲ್ಲಿ ಕರಗಿ ಮುಗಿಯುತ್ತದೆ. ಆ ಐಸ್ ಹಾಕಿ ಶರಬತ್ತು ಕುಡಿಯುವುದು ಲೇಸು.

ಮೈಲೇಜ್ ಹೆಚ್ಚುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಪೆಟ್ರೋಲ್ ಕಾರಿನಲ್ಲಿ ಹೆಚ್ಚುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ಎಂಜಿನ್ ಗಾಳಿಯ ಬಾಗಿಲನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಂಡೇ ಓಡುತ್ತದೆ. ಅಲ್ಲಿ ಗಾಳಿಗೆ ಕೊರತೆಯಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಎಸಿ ಹಾಕಿ ಭಾರ ಎಳೆಯುವಾಗ, ಘಾಟ್ ಹತ್ತುವಾಗ ಮಾತ್ರ ತಂಪು ಗಾಳಿಯ ಬೆಲೆ ತಿಳಿಯುತ್ತದೆ. ತಾಳವಾಡಿಗೆ ಹೋಗುವ ದಿಂಬಂ ಘಾಟ್‌ನ 27 ತಿರುವುಗಳಲ್ಲಿ, ವಯನಾಡಿನ ತಾಮರಶ್ಶೇರಿ ಚುರದ 9 ತಿರುವುಗಳಲ್ಲಿ ಗೇರ್ ಇಳಿಸದೆ ಹತ್ತಿದರೆ ಅದೇ ಲಾಭ.

ನೀಲಗಿರಿಯವರಿಗೆ ಇನ್ನೊಂದು ಮಾತು. ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಎಷ್ಟೇ ತಂಪಾಗಿದ್ದರೂ ಒತ್ತಡ ಕಡಿಮೆ. 15 ಡಿಗ್ರಿಯ ಊಟಿಯ ಗಾಳಿ, 30 ಡಿಗ್ರಿಯ ಕರಾವಳಿಯ ಗಾಳಿಗಿಂತ ಶೇಕಡಾ 20ರಷ್ಟು ಹಗುರ. ಟರ್ಬೊ ಇಲ್ಲದ ಗಾಡಿ ಅಲ್ಲಿ ಮಂಕಾದರೆ ಯಾವ ಪೈಪೂ ಅದನ್ನು ತುಂಬಿಕೊಡಲಾರದು. ಜೊತೆಗೆ, ಚಳಿಯ ಮುಂಜಾನೆ ತೇವದ ತಂಪು ಗಾಳಿ ಹೋದರೆ ಹಳೆಯ ಕಾರ್ಬೊರೇಟರ್‌ನಲ್ಲಿ ಮಂಜು ಕಟ್ಟಿ ಗಾಡಿ ನಿಲ್ಲುವುದೂ ಉಂಟು. ಅದಕ್ಕೇ ಕೆಲವು ಹಳೆಯ ಕಾರುಗಳ ಫಿಲ್ಟರ್ ಡಬ್ಬಿಗೆ ಬೇಸಿಗೆ, ಚಳಿಗಾಲಕ್ಕೆ ತಿರುಗಿಸುವ ಬಾಯಿ ಇರುತ್ತಿತ್ತು.

ಕಾಯ್ದೆ ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. ಕಳೆದುಹೋದ ಕೊಳವೆಯನ್ನು ಮತ್ತೆ ಹಾಕುವುದು, ಸ್ವಚ್ಛ ಮಾಡುವುದು ರಿಪೇರಿ. ಬಾನೆಟ್ ಕೊರೆದು ಸೀಳು ಮಾಡುವುದು, ಫಿಲ್ಟರ್ ವ್ಯವಸ್ಥೆಯನ್ನೇ ಬದಲಿಸುವುದು ಬೇರೆ ಮಾತು. ಗಡಿಯ ಗಾಡಿಗಳು ದಿನಕ್ಕೆ ಎರಡು ರಾಜ್ಯಗಳ ಪೊಲೀಸರ ಮುಂದೆ ಹಾಯುತ್ತವೆ, ತಪಾಸಣೆಯೂ ಎರಡು ಪಟ್ಟು. ವಾರಂಟಿ ಇರುವ ಗಾಡಿಯಾದರೆ ಸರ್ವಿಸ್ ಸೆಂಟರ್‌ನವರನ್ನು ಕೇಳದೆ ಏನನ್ನೂ ಮುಟ್ಟದಿರುವುದು ಒಳಿತು.

ಕೆಲಸದ ಕ್ರಮ

1. ಬಿಸಿ ಅಳೆದು ಬರೆದಿಡಿ.
2. ಫಿಲ್ಟರ್, ಡಬ್ಬಿಯ ಕ್ಲಿಪ್, ಮೂಲ ಕೊಳವೆ ಸರಿಪಡಿಸಿ. ಮತ್ತೆ ಅಳೆಯಿರಿ.
3. ಟರ್ಬೊ ಗಾಡಿಯಾದರೆ ಇಂಟರ್‌ಕೂಲರ್ ತೊಳೆದು, ಸಂದಿ ಮುಚ್ಚಿ, ಹೋಸ್ ನೋಡಿ.
4. ಇನ್ನೂ ಬಿಸಿ ಇದ್ದರೆ ಮಾತ್ರ ತಗಡಿನ ಅಡ್ಡಗೋಡೆ, ಕೊನೆಗೆ ಡಕ್ಟ್ ಪೈಪ್.
5. ಮಳೆಗಾಲಕ್ಕೆ ಮೊದಲು ಪೈಪ್ ಬಿಚ್ಚಿ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆ, ಅದೇ ಹೊತ್ತು, ಅಷ್ಟೇ ಜನರನ್ನು ಕೂರಿಸಿಕೊಂಡು ಮತ್ತೆ ಅಳೆದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುತ್ತದೆ. ಅಂಕಿ ಇಳಿಯದಿದ್ದರೆ ಆ ಉಪಾಯವನ್ನು ಬಿಚ್ಚಿಡಬೇಕು. ಕ್ಲಚ್ ಸವೆದಿದ್ದರೂ, ಬ್ರೇಕ್ ಹಿಡಿದುಕೊಂಡಿದ್ದರೂ, ಇಂಜೆಕ್ಟರ್ ಕೆಟ್ಟಿದ್ದರೂ ಗಾಡಿ ಇದೇ ರೀತಿ ಮಂಕಾಗುತ್ತದೆ. ಗಾಳಿಯ ದಾರಿ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕಾದದ್ದು ಇವನ್ನೇ.